ಸಾಕುಮೊಲದ ಹೊಟ್ಟೆ ಮತ್ತು ಹಿಕ್ಕೆ

ಊರಿನಲ್ಲಿ ಬೆಳೆದು ಇಲ್ಲಿಗೆ ಬಂದವರಿಗೆ ಮೊಲವೆಂದರೆ ಬೇಲಿಯ ಸಂದಿನಿಂದ ಚಂಗನೆ ನೆಗೆದು ಮರೆಯಾಗುವ ಕಂದುಬಣ್ಣದ ಪ್ರಾಣಿ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಮಹಡಿಮನೆಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಾದರೋ ಅದು ಬಾಲ್ಕನಿಯ ಗೂಡಿನಲ್ಲಿ ಕುಳಿತು ಮೂಗನ್ನು ಅಲುಗಿಸುವ ಬೆಳ್ಳನೆಯ ಜೀವ. ಹೆಸರೊಂದೇ ಆದರೂ ಇವೆರಡೂ ಬೇರೆ ಬೇರೆ ಜಾತಿಗಳು. ನಮ್ಮ ಹೊಲಗಳ ಕಾಡುಮೊಲವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದ್ದು, ಅದನ್ನು ಹಿಡಿದು ಸಾಕುವುದು ಅಪರಾಧ. ಅಂಗಡಿಗಳಲ್ಲಿ ಮಾರುವ ಸಾಕುಮೊಲವು ಸ್ಪೇನ್-ಪೋರ್ಚುಗಲ್ ಕಡೆಯ, ಬಿಲದಲ್ಲಿ ವಾಸಿಸುವ ಮೊಲದ ಸಂತತಿ. ಬಣ್ಣ, ಗಾತ್ರ, ರೋಮ ಎಷ್ಟೇ ಭಿನ್ನವಾಗಿರಲಿ, ಎಲ್ಲ ಸಾಕುಮೊಲಗಳ ಮೂಲವೂ ಅದೇ.

ನಗರದ ಕುಟುಂಬಕ್ಕೆ ಮೊಲ ಒಪ್ಪುವುದಕ್ಕೆ ಕಾರಣಗಳಿವೆ. ಅದು ಬೊಗಳುವುದಿಲ್ಲವಾದ್ದರಿಂದ ಸೊಸೈಟಿಯ ಆಕ್ಷೇಪಣೆಯಿಲ್ಲ. ಸಸ್ಯಾಹಾರಿಯಾದ್ದರಿಂದ ಅಡುಗೆಮನೆಯ ಆಕ್ಷೇಪಣೆಯೂ ಇಲ್ಲ. ಹುಟ್ಟುಹಬ್ಬಕ್ಕೆಂದು ಮಗುವಿನ ಹಟಕ್ಕೆ ಮಣಿದು ತರುವವರೇ ಹೆಚ್ಚು. ತಂದ ಕೆಲವು ದಿನಗಳಲ್ಲಿ ಮನೆಯ ಹಿರಿಯರ ಕಣ್ಣಿಗೆ ಒಂದು ದೃಶ್ಯ ಬೀಳುತ್ತದೆ: ಮೊಲವು ತನ್ನ ಹಿಂಭಾಗಕ್ಕೆ ಬಾಯಿಯಿಟ್ಟು, ತನ್ನ ಮಲವನ್ನೇ ನುಂಗುತ್ತಿದೆ! ಮಡಿ-ಮೈಲಿಗೆಯ ಪ್ರಶ್ನೆ ಏಳುತ್ತದೆ. ರೋಗವಿರಬೇಕೆಂದು ಕೆಲವರು, ಹಸಿವೆಯಿರಬೇಕೆಂದು ಕೆಲವರು ಊಹಿಸುತ್ತಾರೆ. ಇನ್ನೊಂದು ದಿನ ಅದೇ ಮೊಲ ತಿನ್ನದೆ ಮೂಲೆಯಲ್ಲಿ ಕುಳಿತಿರುತ್ತದೆ. 'ನಾಳೆ ನೋಡೋಣ' ಎಂದು ಮಲಗಿದವರು ಬೆಳಗಾಗುವಾಗ ಸತ್ತ ಮೊಲವನ್ನು ಕಾಣುತ್ತಾರೆ. ಮೊದಲನೆಯದು ಪೂರ್ಣ ಆರೋಗ್ಯದ ಲಕ್ಷಣ. ಎರಡನೆಯದು ಪ್ರಾಣಾಪಾಯದ ಲಕ್ಷಣ. ಒಂದಕ್ಕೆ ಗಾಬರಿಪಟ್ಟು ಇನ್ನೊಂದನ್ನು ಉಪೇಕ್ಷಿಸುವುದು ಮೊಲದ ಹೊಟ್ಟೆಯ ರಚನೆಯನ್ನು ತಿಳಿಯದ್ದರಿಂದ.

ಹುಲ್ಲನ್ನು ತಿಂದು ಬದುಕುವ ಪ್ರಾಣಿಗಳಿಗೆಲ್ಲ ಒಂದೇ ಸಮಸ್ಯೆ. ಹುಲ್ಲಿನ ನಾರನ್ನು ಒಡೆಯುವ ಪಾಚಕರಸ ಯಾವ ಸಸ್ತನಿಯಲ್ಲಿಯೂ ಇಲ್ಲ. ಆ ಕೆಲಸವನ್ನು ಸೂಕ್ಷ್ಮಜೀವಿಗಳು ಮಾಡಿಕೊಡಬೇಕು. ಹಸು-ಎಮ್ಮೆಗಳು ಈ ಸೂಕ್ಷ್ಮಜೀವಿಗಳನ್ನು ಜಠರಕ್ಕೆ ಮೊದಲೇ ಇರುವ ದೊಡ್ಡ ಚೀಲದಲ್ಲಿ ಸಾಕಿಕೊಂಡಿವೆ. ತಿಂದುದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತವೆ. ಮೊಲದ ದೇಹ ಅಷ್ಟು ಭಾರವನ್ನು ಹೊರಲಾರದು. ನರಿ-ಗಿಡುಗಗಳಿಂದ ತಪ್ಪಿಸಿಕೊಳ್ಳಲು ಅದು ಹಗುರಾಗಿರಬೇಕು. ಆದುದರಿಂದ ಅದರ ಹುದುಗುವ ಪಾತ್ರೆ ಇರುವುದು ಹಿಂದೆ, ಸಣ್ಣಕರುಳು ದೊಡ್ಡಕರುಳನ್ನು ಕೂಡುವಲ್ಲಿ. ಒಂದು ತುದಿ ಮುಚ್ಚಿದ ಈ ಚೀಲಕ್ಕೆ ಕುರುಡುಕರುಳೆಂದು ಹೆಸರು. ಮನುಷ್ಯನಲ್ಲಿಯೂ ಇದುಂಟು, ಆದರೆ ಚಿಕ್ಕದು. ಅದಕ್ಕೆ ಅಂಟಿಕೊಂಡ ಅಪೆಂಡಿಕ್ಸ್ ಊದಿಕೊಂಡಾಗ ಮಾತ್ರ ನಮಗೆ ಆ ಭಾಗದ ನೆನಪಾಗುವುದು. ಮೊಲದಲ್ಲಾದರೋ ಜೀರ್ಣಾಂಗದ ಒಟ್ಟು ಗಾತ್ರದ ಸುಮಾರು 40 ಪಾಲು ನೂರರಲ್ಲಿ ಇದೊಂದೇ ಆಕ್ರಮಿಸಿದೆ.

ಇಲ್ಲಿ ನಡೆಯುವ ವಿಂಗಡಣೆಯ ಕೆಲಸ ಆಶ್ಚರ್ಯಕರವಾದುದು. ದೊಡ್ಡಕರುಳಿನ ಮೊದಲ ಭಾಗವು ಒಂದು ಜರಡಿಯಂತೆ ವರ್ತಿಸುತ್ತದೆ. ಒರಟಾದ, ಉದ್ದನೆಯ ನಾರು ನಡುವೆ ಸೇರಿ ಮುಂದಕ್ಕೆ ಸಾಗಿ, ನೀರನ್ನು ಕಳೆದುಕೊಂಡು, ನಮಗೆ ಪರಿಚಿತವಾದ ಉರುಟಾದ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣುಪಾದ ಕಣಗಳೂ ದ್ರವವೂ ಕರುಳಿನ ಹಿಮ್ಮುಖ ಚಲನೆಯಿಂದ ಮತ್ತೆ ಕುರುಡುಕರುಳಿಗೆ ಮರಳುತ್ತವೆ. ಅಲ್ಲಿ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ, ಸಸಾರಜನಕವನ್ನೂ ಬಿ ಗುಂಪಿನ ಜೀವಸತ್ವಗಳನ್ನೂ ಕೆ ಜೀವಸತ್ವವನ್ನೂ ತಯಾರಿಸುತ್ತವೆ. ಆದರೆ ಈ ಪೌಷ್ಟಿಕಾಂಶಗಳು ಸಿದ್ಧವಾಗುವುದು ಸಣ್ಣಕರುಳನ್ನು ದಾಟಿದ ಮೇಲೆ. ಹೀರಿಕೊಳ್ಳಬೇಕಾದ ಜಾಗ ಹಿಂದೆಯೇ ಉಳಿದುಹೋಯಿತಲ್ಲ! ಪ್ರಕೃತಿ ಇದಕ್ಕೆ ಕಂಡುಕೊಂಡ ಉಪಾಯವೇ ಎರಡನೆಯ ಬಗೆಯ ಹಿಕ್ಕೆ. ಕುರುಡುಕರುಳಿನ ಸಾರವು ಲೋಳೆಯ ತೆಳುಪೊರೆಯೊಳಗೆ ಸೇರಿ, ಸಣ್ಣ ದ್ರಾಕ್ಷಿಗೊಂಚಲಿನಂತೆ ಹೊಳೆಯುವ ಮೆದು ಹಿಕ್ಕೆಯಾಗಿ ಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಗೊಡದೆ, ಅಗಿಯದೆ, ಹಾಗೆಯೇ ನುಂಗುತ್ತದೆ. ಲೋಳೆಯ ಪೊರೆಯ ರಕ್ಷಣೆಯಲ್ಲಿ ಅದು ಜಠರದಲ್ಲಿ ಕೆಲವು ಗಂಟೆಗಳ ಕಾಲವಿದ್ದು, ಅನಂತರ ಸಣ್ಣಕರುಳಿನಲ್ಲಿ ಜೀರ್ಣವಾಗುತ್ತದೆ.

ಫ್ರಾನ್ಸಿನ ಪಶುವೈದ್ಯ ಮೊರೋ ಇದನ್ನು 1882ರಲ್ಲಿಯೇ ವರ್ಣಿಸಿದ್ದನು. ಆದರೂ ಅದು ಮರೆತುಹೋಗಿ, 1939ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೊಲವೂ ಮೆಲುಕು ಹಾಕುತ್ತದೆಯೇ ಎಂಬ ಪ್ರಶ್ನೆ ಮತ್ತೊಮ್ಮೆ ಚರ್ಚೆಗೆ ಬಂದಿತು. ಯೆಹೂದ್ಯರ ಪ್ರಾಚೀನ ಗ್ರಂಥವಾದ ಲೇವಿಯಕಾಂಡದಲ್ಲಿ ಮೊಲವನ್ನು ಮೆಲುಕು ಹಾಕುವ ಪ್ರಾಣಿಯೆಂದೇ ಎಣಿಸಿರುವುದನ್ನು ನೆನೆದರೆ, ಹಳಬರ ಕಣ್ಣು ಅಷ್ಟೇನೂ ತಪ್ಪಿರಲಿಲ್ಲ ಎನ್ನಬೇಕು. ಹಸು ಬಾಯಿಂದ ಮಾಡುವುದನ್ನು ಮೊಲ ಸುತ್ತುದಾರಿಯಿಂದ ಮಾಡುತ್ತದೆ, ಅಷ್ಟೆ. ಆದಕಾರಣ ಅದನ್ನು ಗದರಿಸುವುದಾಗಲಿ, ಕುತ್ತಿಗೆಗೆ ಪಟ್ಟಿ ಕಟ್ಟಿ ತಡೆಯುವುದಾಗಲಿ ಸಲ್ಲದು. ತಡೆದರೆ ಮೊಲ ಪೋಷಣೆಯಿಲ್ಲದೆ ಸೊರಗುತ್ತದೆ.

ಹಾಗಾದರೆ ಮನೆಯವರು ಗಮನಿಸಬೇಕಾದುದೇನು? ಪ್ರತಿದಿನ ಬೆಳಿಗ್ಗೆ ಗೂಡನ್ನು ಗುಡಿಸುವಾಗ ಹಿಕ್ಕೆಯನ್ನು ಒಮ್ಮೆ ನೋಡಿ ಗುಡಿಸಬೇಕು. ವೈದ್ಯನು ನಾಡಿ ಹಿಡಿಯುವಂತೆಯೇ ಇದು. ಆರೋಗ್ಯವಂತ ಮೊಲ ದಿನಕ್ಕೆ 200ಕ್ಕೂ ಹೆಚ್ಚು ಹಿಕ್ಕೆಗಳನ್ನು ಹಾಕುತ್ತದೆ. ಅವು ಒಂದೇ ಗಾತ್ರದವು, ಉರುಟಾದವು, ಬೆರಳಿನಿಂದ ಒತ್ತಿದರೆ ಒಣಹುಲ್ಲಿನ ಪುಡಿಯಾಗುವಂಥವು, ದುರ್ವಾಸನೆಯಿಲ್ಲದವು. ಅವು ಚಿಕ್ಕದಾಗುತ್ತ, ಕಪ್ಪಾಗುತ್ತ, ಗಟ್ಟಿಯಾಗುತ್ತ ಬಂದರೆ ನಾರು ಸಾಲದು, ನೀರು ಸಾಲದು, ಅಥವಾ ಎಲ್ಲಿಯೋ ನೋವಿದೆ ಎಂದರ್ಥ. ಮಣಿಗಳನ್ನು ದಾರದಲ್ಲಿ ಪೋಣಿಸಿದಂತೆ ಕೂದಲಿನಿಂದ ಜೋಡಿಕೊಂಡಿದ್ದರೆ ಮೊಲ ರೋಮ ಉದುರಿಸುತ್ತಿದೆ. ದಿನವೂ ಬಾಚಬೇಕು, ಹುಲ್ಲನ್ನು ಹೆಚ್ಚಿಸಬೇಕು. ಮೆದು ಹಿಕ್ಕೆ ನೆಲದ ಮೇಲೆ ಅಂಟಿ ಬಿದ್ದಿದ್ದರೆ ಅಥವಾ ಬಾಲಕ್ಕೆ ಮೆತ್ತಿಕೊಂಡಿದ್ದರೆ, ಮೊಲ ಅದನ್ನು ತಿನ್ನುತ್ತಿಲ್ಲ. ಸಿಹಿ ತಿನಿಸು ಹೆಚ್ಚಾಗಿರಬಹುದು, ಕೊಬ್ಬಿದ ಮೈಯಿಂದಾಗಿ ಬಾಯಿ ಅಲ್ಲಿಗೆ ತಲಪದಿರಬಹುದು, ಹಲ್ಲುನೋವೋ ಕೀಲುನೋವೋ ಇರಬಹುದು. ಇದನ್ನು ಭೇದಿಯೆಂದು ತಿಳಿಯಬಾರದು. ನಿಜವಾದ ಭೇದಿಯಲ್ಲಿ ಗಟ್ಟಿ ಹಿಕ್ಕೆಯೇ ಇರುವುದಿಲ್ಲ, ನೀರಿನಂತೆ ಹೋಗುತ್ತದೆ. ಮರಿಗಳಲ್ಲಿ ಇದು ಬಹುಬೇಗ ಮಾರಕವಾಗುತ್ತದೆ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಅಗಲಿಸಿ ಮಾರಿದ ಮರಿಗಳಿಗೆ ಈ ಅಪಾಯ ಹೆಚ್ಚು. ಮುದ್ದಾಗಿದೆಯೆಂದು ಅಂಗೈಯಷ್ಟರ ಮರಿಯನ್ನು ಕೊಳ್ಳುವವರು ಇದನ್ನು ವಿಚಾರಿಸಬೇಕು.

ಮೂತ್ರದ ಬಗ್ಗೆಯೂ ಒಂದು ಮಾತು. ಅದು ಕಿತ್ತಳೆ ಅಥವಾ ಕೆಂಪು ಬಣ್ಣವಾಗಿದ್ದರೆ ರಕ್ತವೆಂದೇ ಭಾವಿಸಬೇಕಾಗಿಲ್ಲ. ಸೊಪ್ಪಿನ ವರ್ಣದ್ರವ್ಯದಿಂದಲೂ ಹಾಗಾಗುತ್ತದೆ. ಒಣಗಿದ ಮೇಲೆ ಸುಣ್ಣದಂತೆ ಬಿಳಿ ಕಲೆ ಉಳಿಯುವುದು ಆಹಾರದಲ್ಲಿ ಹೆಚ್ಚಾದ ಸುಣ್ಣಾಂಶ ಮೂತ್ರದಲ್ಲಿ ಹೋಗುವುದರಿಂದ. ದಪ್ಪ ಕೆಸರಿನಂತಿದ್ದರೆ, ಅಥವಾ ಮೊಲ ಮೂತ್ರಕ್ಕೆ ತಿಣುಕುತ್ತಿದ್ದರೆ ಮಾತ್ರ ಪಶುವೈದ್ಯರಲ್ಲಿಗೆ ಹೋಗಬೇಕು.

ಇನ್ನು ಆಹಾರ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವಂತೆ, ಮೊಲದ ಆಹಾರ ಗಜ್ಜರಿಯೆಂದು ಹಟ ಹಿಡಿಯುವವರು ನಮ್ಮಲ್ಲಿ ಬಹಳ. ಚಿತ್ರಪುಸ್ತಕಗಳು ಕಲಿಸಿದ ಪಾಠವಿದು. ಗಜ್ಜರಿ ಸಕ್ಕರೆ ತುಂಬಿದ ಗೆಡ್ಡೆ. ವಾರಕ್ಕೆ ಒಂದೆರಡು ತುಂಡು ಸಾಕು. ಮೊಲಕ್ಕೆ ಬೇಕಾದುದು ಹುಲ್ಲು, ಮತ್ತೆ ಹುಲ್ಲು. ಆಹಾರದ ಸುಮಾರು 80 ಪಾಲು ನೂರರಲ್ಲಿ ಒಣಹುಲ್ಲು ಇರಬೇಕೆಂದು ತಜ್ಞರ ಮತ. ಕರುಳನ್ನು ಚಲಿಸುವಂತೆ ಮಾಡುವುದು ಆ ಒರಟು ನಾರೇ. ಆಯುಷ್ಯಪೂರ್ತಿ ಬೆಳೆಯುತ್ತಲೇ ಇರುವ ಹಲ್ಲುಗಳನ್ನು ಸವೆಸುವುದೂ ಅದೇ. ಹಲ್ಲು ಸವೆಯದೆ ಕೊಕ್ಕೆಯಾಗಿ ನಾಲಗೆಯನ್ನು ಚುಚ್ಚತೊಡಗಿದರೆ ಮೊಲ ಊಟ ಬಿಡುತ್ತದೆ. ಅಲ್ಲಿಂದ ಹೊಟ್ಟೆಯ ಕಾಯಿಲೆ. ತಬೇಲಾಗಳಿಗೆ ಬರುವ ಭತ್ತದ ಹುಲ್ಲು ಅಗಿಯಲು ಆಗಬಹುದಾದರೂ ಸತ್ವ ಕಡಿಮೆ, ಅದೊಂದನ್ನೇ ನಂಬಬಾರದು. ಗಣೇಶನಿಗೆ ಏರಿಸುವ ಗರಿಕೆ ಮೊಲಕ್ಕೂ ಪ್ರಿಯ. ಹೂವಿನವರ ಬಳಿ ಕಟ್ಟುಗಟ್ಟಲೆ ಸಿಗುವುದನ್ನು ಚೆನ್ನಾಗಿ ತೊಳೆದು ಕೊಡಬಹುದು. ರಸ್ತೆಯ ಬದಿಯಿಂದ ಕಿತ್ತದ್ದು ಬೇಡ. ಕೊತ್ತಂಬರಿ, ಮೂಲಂಗಿ ಸೊಪ್ಪು, ಗಜ್ಜರಿಯ ಸೊಪ್ಪು, ಪುದೀನ ಇವು ದಿನಕ್ಕೊಂದು ಹಿಡಿ. ಅಂಗಡಿಯ ಗುಳಿಗೆಯಂಥ ತಿನಿಸು ಬಲುಮಿತವಾಗಿರಲಿ. ಅನ್ನ, ಚಪಾತಿ, ಬಿಸ್ಕತ್ತು, ಬ್ರೆಡ್ಡು, ಈರುಳ್ಳಿ, ಆಲೂಗಡ್ಡೆ ಯಾವುದೂ ಸಲ್ಲದು. ಪ್ರೀತಿಯಿಂದ ಬಿಸ್ಕತ್ತು ತಿನ್ನಿಸುವ ಅತಿಥಿಗಳನ್ನು ನಯವಾಗಿ ತಡೆಯುವುದು ಮನೆಯವರ ಹೊಣೆ.

ಈಗ ಮುಖ್ಯವಾದ ಸಂಗತಿಗೆ ಬರೋಣ. ಮೊಲದ ಕರುಳು ನಿಲ್ಲಬಾರದು. ನೋವು, ಭಯ, ಸೆಕೆ, ಪ್ರಯಾಣ, ಪಟಾಕಿಯ ಸದ್ದು ಇವುಗಳಲ್ಲಿ ಯಾವುದರಿಂದಲಾದರೂ ಅದರ ಚಲನೆ ನಿಧಾನವಾಗಬಹುದು. ಆಗ ವಾಯು ತುಂಬುತ್ತದೆ, ನೋವು ಹೆಚ್ಚುತ್ತದೆ, ನೋವಿನಿಂದ ಊಟ ಇನ್ನಷ್ಟು ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಹೊಟ್ಟೆಯೊಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಮುದುಡಿ ಕುಳಿತು ಹಲ್ಲು ಕಡಿಯುವುದು, ಕಿವಿ ತಣ್ಣಗಾಗುವುದು, ಗೂಡಿನಲ್ಲಿ ಹಿಕ್ಕೆಯಿಲ್ಲದಿರುವುದು ಇವು ಲಕ್ಷಣಗಳು. ಹನ್ನೆರಡು ಗಂಟೆಗಳ ಕಾಲ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತುಪರಿಸ್ಥಿತಿ, ರಾತ್ರಿಯೆಂದು ಕಾಯುವಂತಿಲ್ಲ. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ಹನ್ನೆರಡು ಗಂಟೆ ತುಂಬುವವರೆಗೂ ನಿಲ್ಲಬಾರದು. ಅಡಚಣೆ ಇಲ್ಲವೆಂದು ವೈದ್ಯರು ನೋಡುವ ಮೊದಲು ಬಲವಂತವಾಗಿ ತಿನ್ನಿಸುವುದು ಅಪಾಯ.

ಮನೆಯ ಔಷಧದ ಡಬ್ಬಿಯನ್ನು ತೆರೆಯಲೇಬೇಡಿ ಎಂದು ಒತ್ತಿ ಹೇಳಬೇಕಾಗಿದೆ. ನಮ್ಮ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮೊದಲಾದವುಗಳನ್ನು ಮೊಲಕ್ಕೆ ಬಾಯಿಯ ಮೂಲಕ ಕೊಟ್ಟರೆ ಕುರುಡುಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಯಾದವು ಬೆಳೆದು, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ನಾಯಿ-ಬೆಕ್ಕುಗಳನ್ನೇ ಹೆಚ್ಚಾಗಿ ನೋಡುವ ವೈದ್ಯರಲ್ಲಿ, ಮೊಲಗಳಿಗೆ ಚಿಕಿತ್ಸೆ ಮಾಡುವ ಅಭ್ಯಾಸವಿದೆಯೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದರಲ್ಲಿ ಸಂಕೋಚವಿಲ್ಲ. ಪರೇಲಿನಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜೂ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಮುಂಬಯಿಗರಿಗೆ ಪರಿಚಿತ. ಆದರೆ ಉಬ್ಬಿದ ಹೊಟ್ಟೆಯ ಮೊಲವನ್ನು ಬುಟ್ಟಿಯಲ್ಲಿಟ್ಟು ಕಲ್ಯಾಣದಿಂದ ಜನಸಂದಣಿಯ ಲೋಕಲಿನಲ್ಲಿ ಅಲ್ಲಿಯವರೆಗೆ ಒಯ್ಯುವುದೇ ಒಂದು ಸಂಕಟ; ಹತ್ತಿರದ ವೈದ್ಯರ ವಿಳಾಸ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ನಮ್ಮ ಈ ಭಾಗದ ಹವೆ ಮೊಲಕ್ಕೆ ಒಗ್ಗುವಂಥದಲ್ಲ. ಅದಕ್ಕೆ ಬೆವರುವ ಸಾಮರ್ಥ್ಯ ಇಲ್ಲವೆಂದೇ ಹೇಳಬಹುದು. ಮೈಯ ಶಾಖವನ್ನು ಮುಖ್ಯವಾಗಿ ಕಿವಿಗಳಿಂದ ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಕಲ್ಯಾಣ-ಡೊಂಬಿವಲಿಗಳಲ್ಲಿ ಬೇಸಗೆಯ ಕೆಲವು ದಿನ 40 ಮುಟ್ಟುವುದುಂಟು. ಪಶ್ಚಿಮಕ್ಕೆ ತೆರೆದ ಬಾಲ್ಕನಿಯಿಂದ ಗೂಡನ್ನು ಒಳಗೆ ತಂದು, ತಂಪು ನೆಲದ ಮೇಲೆ ಬಿಟ್ಟು, ಅಗಲ ಬಟ್ಟಲಿನಲ್ಲಿ ನೀರಿಡಬೇಕು. ಮಳೆಗಾಲದಲ್ಲಿ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ವಾಸನೆ ಬಂದ ಹುಲ್ಲನ್ನು ಬಿಸಾಡುವುದೇ ಉಳಿತಾಯ. ಹಿಂಭಾಗ ಒದ್ದೆಯಾಗಿ ಕೊಳೆಯಾಗಿದ್ದರೆ ನೊಣಗಳು ಮೊಟ್ಟೆಯಿಟ್ಟು, ಒಂದು ದಿನದೊಳಗೆ ಹುಳುಗಳಾಗಿ ಮಾಂಸವನ್ನೇ ತಿನ್ನತೊಡಗುತ್ತವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ದಿನಕ್ಕೆರಡು ಸಲ ಬಾಲದ ಕೆಳಗೆ ನೋಡುವ ರೂಢಿ ಬೇಕು. ನೋಡಲೆಂದು ಮೊಲವನ್ನು ಕಿವಿ ಹಿಡಿದೆತ್ತಬಾರದು. ಹಿಂಗಾಲುಗಳಿಗೆ ಕೈಯ ಆಧಾರವಿರಬೇಕು.

ಮನೆಮಂದಿಯ ಆರೋಗ್ಯದ ಬಗ್ಗೆ ಹೇಳುವುದಾದರೆ, ಹುಳುಕಡ್ಡಿ ಮೊಲದಿಂದ ಮಕ್ಕಳಿಗೆ ಹರಡಬಹುದಾದ್ದರಿಂದ ಬೋಳಾದ ಚರ್ಮದ ಕಲೆಗಳ ಮೇಲೆ ಗಮನವಿರಲಿ. ಗೂಡು ಗುಡಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಲಿ. ಒಣ ಹಿಕ್ಕೆ ಮಾತ್ರ ಅಸಹ್ಯಪಡುವ ವಸ್ತುವಲ್ಲ. ಕೊಳೆಸದೆ ನೇರವಾಗಿ ಹಾಕಬಹುದಾದ ಗೊಬ್ಬರಗಳಲ್ಲಿ ಅದೂ ಒಂದು. ಬಾಲ್ಕನಿಯ ಕರಿಬೇವು, ದಾಸವಾಳ, ಮಲ್ಲಿಗೆ ಕುಂಡಗಳಿಗೆ ವಾರಕ್ಕೊಂದು ಹಿಡಿ ಸಾಕು. ತುಳಸಿಯ ವಿಷಯ ಮನೆಯ ಹಿರಿಯರಿಗೆ ಬಿಟ್ಟದ್ದು. ಮಳೆಗಾಲದಲ್ಲಿ ಅದರ ಮೇಲೆ ತೆಳುವಾಗಿ ಮಣ್ಣು ಮುಚ್ಚಬೇಕು, ಇಲ್ಲವಾದರೆ ನೊಣ ಬರುತ್ತದೆ.