ಬಚ್ಚಿಟ್ಟರೆ ವಾಸಿಯಾಗದ ನರಹುಲಿ

ಬಸ್ ನಿಲ್ದಾಣದ ಮೂತ್ರಿಯ ಗೋಡೆಗೆ ಅಂಟಿಸಿದ ‘ಗುಪ್ತರೋಗ’ದ ಚೀಟಿಗಳನ್ನು ಕಾಣದವರು ಕಡಿಮೆ. ಇಂಥ ವಾರ, ಇಂಥ ಲಾಡ್ಜು, ಇಂಥ ನಂಬರಿನ ಕೊಠಡಿ! ಜನನಾಂಗದ ಮೇಲೆ ನರಹುಲಿ ಎದ್ದವರಿಗೆ ಮೊದಲು ನೆನಪಾಗುವುದು ಇಂಥ ಕೊಠಡಿಗಳೇ. ಕೈ ಮೇಲಿನ ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟಿಕೊಂಡು ನಾಲ್ವರೆದುರು ಓಡಾಡುವವರೂ ಇದನ್ನು ಮಾತ್ರ ಮನೆಯಲ್ಲೂ ಹೇಳರು.

ಇದಕ್ಕೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಾಣು, ಚಿಕ್ಕದಾಗಿ ಎಚ್‌ಪಿವಿ. ನೂರಕ್ಕೂ ಹೆಚ್ಚು ಬಗೆಗಳಿರುವ ಇದರಲ್ಲಿ 6 ಮತ್ತು 11ನೇ ಬಗೆಗಳೇ ಶೇ 90ರಷ್ಟು ಜನನಾಂಗದ ನರಹುಲಿಗಳ ಮೂಲ. ಸಂಭೋಗದ ವೇಳೆ ಚರ್ಮಕ್ಕೆ ಚರ್ಮ ತಾಗಿ ಇದು ಹರಡುತ್ತದೆ. ಒಂದೆರಡು ಸಣ್ಣ ಗಂಟುಗಳಾಗಿ ಎದ್ದು, ಕೆಲವೊಮ್ಮೆ ಹೂಕೋಸಿನಂತೆ ಗುಂಪುಗೂಡುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ.

ನೋವು ಶುರುವಾಗುವುದು ಸಂಸಾರದಲ್ಲಿ. ‘ಇದು ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಏಳುತ್ತದೆ. ಸೋಂಕು ತಗುಲಿದ ಮೇಲೆ ಗಂಟು ಏಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ವರ್ಷಗಳೇ ಹಿಡಿಯಬಹುದು. ಅನೇಕರಲ್ಲಿ ಏಳುವುದೇ ಇಲ್ಲ, ಆದರೂ ಅವರಿಂದ ಇನ್ನೊಬ್ಬರಿಗೆ ದಾಟಬಹುದು. ಇಂದು ಕಂಡ ನರಹುಲಿ ಮದುವೆಗೆ ಮುಂಚಿನದೋ ಆಮೇಲಿನದೋ, ಯಾರಿಂದ ಯಾರಿಗೆ ಬಂದದ್ದೋ ಯಾವ ಪರೀಕ್ಷೆಯೂ ಹೇಳಲಾರದು. ಇದನ್ನೇ ಸಾಕ್ಷಿ ಮಾಡಿಕೊಂಡು ಹೆಂಡತಿಯನ್ನು ತವರಿಗಟ್ಟುವುದು ಶುದ್ಧ ಅನ್ಯಾಯ.

ಕ್ಯಾನ್ಸರಿನ ಭಯ ಇನ್ನೊಂದು. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18ನೇ ಬಗೆಗಳು. ಇವನ್ನು ಗುರುತಿಸಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ನರಹುಲಿಯ ಬಗೆಗಳು ಕ್ಯಾನ್ಸರ್ ತರುವುದು ತೀರ ಅಪರೂಪ. ಆದರೆ ಒಬ್ಬರಲ್ಲೇ ಹಲವು ಬಗೆಗಳು ಸೇರಿರಬಹುದಾದ್ದರಿಂದ ಮಹಿಳೆಯರು ಗರ್ಭಕೊರಳಿನ ತಪಾಸಣೆ ತಪ್ಪಿಸಬಾರದು.

ಚಿಕಿತ್ಸೆ ಚರ್ಮರೋಗ ತಜ್ಞರ ಕೆಲಸ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ವಿದ್ಯುತ್ತಿನಿಂದ ಸುಡುವುದು, ಆಮ್ಲ ಹಚ್ಚುವುದು, ಮನೆಯಲ್ಲೇ ಹಚ್ಚಿಕೊಳ್ಳುವ ಇಮಿಕ್ವಿಮಾಡ್ ಮುಲಾಮು ಹೀಗೆ ಹಲವು ದಾರಿಗಳಿವೆ. ಪೊಡೊಫಿಲಿನ್ ಎಂಬ ಸಸ್ಯಮೂಲದ ಔಷಧವೂ ಇದೆ. ಗರ್ಭಿಣಿಯರಿಗೆ ಅದು ನಿಷಿದ್ಧ. ಕಾಲಿನ ಆಣಿಗೆ ಹಚ್ಚುವ ಔಷಧವನ್ನೋ ಸುಣ್ಣ-ಸೋಡವನ್ನೋ ಇಲ್ಲಿಗೆ ಬಳಿದರೆ ಹುಣ್ಣು ಖಚಿತ. ಗಂಟು ಉದುರಿದರೂ ವೈರಾಣು ಉಳಿದಿರಬಹುದು. ಮೊದಲ ಮೂರು ತಿಂಗಳಲ್ಲಿ ಮರುಕಳಿಸಿದರೆ ವೈದ್ಯರನ್ನು ಶಪಿಸಬೇಕಿಲ್ಲ. ಹೆಚ್ಚಿನವರಲ್ಲಿ ದೇಹವೇ ಕ್ರಮೇಣ ಅದನ್ನು ಅಡಗಿಸುತ್ತದೆ. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ಗಳಲ್ಲಿ ಗುಟ್ಟು ಕಾಯ್ದು ನೋಡುತ್ತಾರೆ. ದಂಪತಿ ಒಟ್ಟಿಗೆ ಹೋಗುವುದು ಲೇಸು.

ನಿರೋಧ್ ಅಪಾಯ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದಿಂದಲೂ ಸೋಂಕು ದಾಟೀತು. ಬಲವಾದ ತಡೆ ಲಸಿಕೆಯೇ. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಲಸಿಕೆ ಹಾಕತೊಡಗಿತು. ಅಲ್ಲಿನ ಲೈಂಗಿಕ ಆರೋಗ್ಯ ಕೇಂದ್ರಗಳಿಗೆ ಬಂದ 21 ವರ್ಷದೊಳಗಿನ ಸ್ಥಳೀಯ ಯುವತಿಯರಲ್ಲಿ ಆ ವರ್ಷ ಶೇ 11.5 ಇದ್ದ ನರಹುಲಿ 2011ರಲ್ಲಿ ಶೇ 0.85ಕ್ಕೆ ಇಳಿಯಿತು. ಲಸಿಕೆ ಪಡೆಯದ ಅದೇ ವಯಸ್ಸಿನ ಹುಡುಗರಲ್ಲೂ ಕಡಿಮೆಯಾಯಿತು! ಪುಣೆಯ ಸೀರಂ ಸಂಸ್ಥೆಯ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದ್ದು, ಅದು 6, 11, 16, 18 ನಾಲ್ಕೂ ಬಗೆಗಳನ್ನು ತಡೆಯುತ್ತದೆ. 9ರಿಂದ 14ರ ವಯಸ್ಸಿನಲ್ಲಿ ಎರಡು ಚುಚ್ಚುಮದ್ದು ಸಾಕು. ಈಗಾಗಲೇ ಎದ್ದ ನರಹುಲಿಯನ್ನು ಮಾತ್ರ ಅದು ಉದುರಿಸದು.