ಹಳೆಯ ಕಾರು ಚಾಲೂ ಆಗದಿದ್ದರೆ

ಬೆಳಗಿನ ಜಾವ ನಾಲ್ಕು ಗಂಟೆ. ಮುಧೋಳದಿಂದ ವಾಡಿಗೆ ಹೋಗಿ ರೈಲು ಹಿಡಿಯಬೇಕು. ವಯಸ್ಸಾದ ತಂದೆಯನ್ನು ಸೊಲ್ಲಾಪುರದ ವೈದ್ಯರಿಗೆ ತೋರಿಸುವುದಿದೆ. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಚಾವಿ ತಿರುಗಿಸುತ್ತೀರಿ. ‘ಟಕ್’ ಎಂದು ಒಂದು ಸದ್ದು. ಆ ಮೇಲೆ ಮೌನ. ಅಕ್ಕಪಕ್ಕದವರು ಎದ್ದು ಬರುತ್ತಾರೆ. ಒಬ್ಬರು ಬ್ಯಾಟರಿ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ಸೆಲ್ಫ್ ಸುಟ್ಟಿದೆ ಎನ್ನುತ್ತಾರೆ. ಮರುದಿನ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತರುತ್ತೀರಿ. ಮೂರು ವಾರ ಕಳೆಯುವುದರೊಳಗೆ ಮತ್ತೆ ಅದೇ ‘ಟಕ್’. ಏಕೆಂದರೆ ದೋಷ ಬ್ಯಾಟರಿಯಲ್ಲಿ ಇರಲೇ ಇಲ್ಲ. ತುಕ್ಕು ಹಿಡಿದ ಒಂದು ತಂತಿಯ ತುದಿಯಲ್ಲಿ ಇತ್ತು.

ಇಂಥ ಪ್ರಸಂಗ ನಿಮಗೆ ಬಾರದಿರಲೆಂದೇ ಈ ನಾಲ್ಕು ಮಾತು. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ 2001ರ ಹೊತ್ತಿಗೇ ನಿಂತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಈಗ ತಯಾರಾಗುವುದಿಲ್ಲ. ಆದರೂ ನಮ್ಮ ಕಡೆಯ ಎಷ್ಟೋ ಮನೆಗಳ ಅಂಗಳದಲ್ಲಿ ಇವು ಇನ್ನೂ ಇವೆ. ಇವುಗಳಲ್ಲಿ ಒಂದು ಅನುಕೂಲವುಂಟು: ಕಂಪ್ಯೂಟರಿನ ಗೊಡವೆಯಿಲ್ಲದ ಹಳೆಯ ಗಾಡಿಯ ದೋಷವನ್ನು ಕಣ್ಣು, ಕಿವಿ, ಕೈಗಳಿಂದಲೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ಮೊದಲು ವಿದ್ಯುತ್ತಿನ ದಾರಿಯನ್ನು ತಿಳಿಯೋಣ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದಂದಿನಿಂದ ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ಕಡಿಮೆಯಾಗುತ್ತ ಬಂತು. ಬ್ಯಾಟರಿಯಿಂದ ದಪ್ಪ ತಂತಿಯ ಮೂಲಕ ವಿದ್ಯುತ್ತು ಸ್ಟಾರ್ಟರಿಗೆ, ಅಂದರೆ ನಾವು ‘ಸೆಲ್ಫ್’ ಎನ್ನುವ ಮೋಟಾರಿಗೆ ಹೋಗುತ್ತದೆ. ಅದು ಮರಳಿ ಬರುವುದು ಎಂಜಿನ್ನಿನ ಮೈ, ಗಾಡಿಯ ಕಬ್ಬಿಣ ಮತ್ತು ಅರ್ಥಿಂಗ್ ಪಟ್ಟಿಯ ಮೂಲಕ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ; ಮರಳುವ ದಾರಿಯನ್ನು ಮರೆಯುತ್ತಾರೆ. ಅರ್ಧದಷ್ಟು ಮೋಸ ಅಲ್ಲಿಯೇ ಆಗುವುದು.

ವಾಡಿ ಜಂಕ್ಷನ್ನಿನಲ್ಲಿ ಒಂದು ದಾರಿ ಸೊಲ್ಲಾಪುರಕ್ಕೆ, ಒಂದು ರಾಯಚೂರಿಗೆ, ಒಂದು ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಒಡೆಯುತ್ತದೆ. ಅಲ್ಲಿ ವಿಚಾರಿಸದೆ ಕಂಡ ಗಾಡಿಯನ್ನು ಹತ್ತಿದವನು ಊರು ಸೇರುವುದಿಲ್ಲ. ದೋಷ ಹುಡುಕುವುದಕ್ಕೂ ಇಂಥದೊಂದು ಜಂಕ್ಷನ್ ಇದೆ. ಅದೇ ದೀಪದ ಪರೀಕ್ಷೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕು ಎಳೆದು, ಗೋಡೆಯ ಮೇಲೆ ಬೆಳಕು ಬೀಳುವಂತೆ ಮುಂದಿನ ದೀಪಗಳನ್ನು ಹಚ್ಚಿ. ಮನೆಯವರೊಬ್ಬರು ಚಾವಿ ತಿರುಗಿಸಲಿ, ನೀವು ಗೋಡೆಯನ್ನು ನೋಡುತ್ತಿರಿ.

ದೀಪ ಮೊದಲೇ ಮಂಕಾಗಿದ್ದರೆ ಅಥವಾ ಹತ್ತದೇ ಇದ್ದರೆ, ಬ್ಯಾಟರಿ ಬರಿದಾಗಿದೆ, ಇಲ್ಲವೆ ಅದರ ತುದಿಗಳು ಸಡಿಲವಾಗಿವೆ. ದೀಪ ಚೆನ್ನಾಗಿದ್ದು ಚಾವಿ ತಿರುಗಿಸಿದೊಡನೆ ಆರುವಂತಾದರೆ ಬ್ಯಾಟರಿ ನಿಶ್ಶಕ್ತವಾಗಿದೆ, ಅಥವಾ ಅದರ ತುದಿಗಳಲ್ಲಿ ತುಕ್ಕಿದೆ, ಅಥವಾ ಸ್ಟಾರ್ಟರ್ ಹಲ್ಲು ಕಚ್ಚಿಕೊಂಡು ನಿಂತಿದೆ. ದೀಪ ಸ್ವಲ್ಪವೂ ಕುಗ್ಗದೆ ಉರಿಯುತ್ತಿದ್ದು ಸ್ಟಾರ್ಟರ್ ಅಲುಗದಿದ್ದರೆ, ವಿದ್ಯುತ್ತು ಅದನ್ನು ಮುಟ್ಟುತ್ತಲೇ ಇಲ್ಲ: ಚಾವಿಯ ಸ್ವಿಚ್ಚು, ಸೊಲೆನಾಯ್ಡ್, ಅರ್ಥಿಂಗ್ ಪಟ್ಟಿ, ಸ್ಟಾರ್ಟರಿನ ಒಳಗಿನ ಕಾರ್ಬನ್ ಇವುಗಳನ್ನು ನೋಡಬೇಕು. ಎಂಜಿನ್ನು ಹುರುಪಿನಿಂದ ತಿರುಗಿಯೂ ಚಾಲೂ ಆಗದಿದ್ದರೆ ಬ್ಯಾಟರಿ, ಸ್ಟಾರ್ಟರ್ ಎರಡೂ ನಿರಪರಾಧಿಗಳು. ಕೊರತೆ ಕಿಡಿಯದು ಅಥವಾ ಪೆಟ್ರೋಲಿನದು.

ಇನ್ನು ತುಕ್ಕಿನ ಲೆಕ್ಕ. ಸ್ಟಾರ್ಟರ್ ತಿರುಗುವಾಗ 150 ಆಂಪಿಯರಿನಷ್ಟು ವಿದ್ಯುತ್ತು ಹರಿಯುವುದುಂಟು. ತುದಿಯಲ್ಲಿ ಕೂತ ಬಿಳಿ ಪುಡಿಯ ತಡೆ ಒಂದು ಓಮಿನ ನೂರನೆಯ ಒಂದು ಭಾಗವಾದರೂ ಸಾಕು, ಒಂದೂವರೆ ವೋಲ್ಟ್ ಅಲ್ಲಿಯೇ ನಷ್ಟ. ಸಣ್ಣ ದೀಪಕ್ಕೆ ಈ ತಡೆ ಲೆಕ್ಕಕ್ಕಿಲ್ಲ. ಆದ್ದರಿಂದಲೇ ದೀಪ ಉರಿದರೂ ಸ್ಟಾರ್ಟರ್ ಸೋಲುತ್ತದೆ. ಮನೆಯಲ್ಲಿ ಮೀಟರ್ ಇಲ್ಲವೇ? ಐದಾರು ಸೆಕೆಂಡು ಸ್ಟಾರ್ಟರ್ ತಿರುಗಿಸಿ, ಚಾವಿ ತೆಗೆದು, ತಂತಿಯ ತುದಿಗಳನ್ನು ಎಚ್ಚರದಿಂದ ಮುಟ್ಟಿ ನೋಡಿ. ಯಾವ ತುದಿ ಬಿಸಿಯಾಗಿದೆಯೋ ಅಲ್ಲಿಯೇ ದೋಷ. ಮೀಟರ್ ಇದ್ದರೆ ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಬರಿದು. ಸ್ಟಾರ್ಟರ್ ತಿರುಗುವಾಗ 10ರ ಸಮೀಪಕ್ಕಿಂತ ಕೆಳಗೆ ಇಳಿಯಬಾರದು. ಆಗಲೇ ಬ್ಯಾಟರಿಯ ಅರ್ಥಿಂಗ್ ತುದಿ ಮತ್ತು ಎಂಜಿನ್ನಿನ ಕಬ್ಬಿಣದ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಬಿಗಿಯಬೇಕು. ಹತ್ತು ನಿಮಿಷದ ಕೆಲಸ. ಒಂದು ಪಾನಾ, ಒಂದು ತುಂಡು ಪಾಲಿಶ್ ಕಾಗದ ಸಾಕು.

ನಮ್ಮ ಸೀಮೆಯ ಬಿಸಿಲು ಬ್ಯಾಟರಿಗೆ ದೊಡ್ಡ ಶತ್ರು. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದರ ನೀರು ಬೇಗ ಇಂಗುತ್ತದೆ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಹದಿನೈದು ದಿನಕ್ಕೊಮ್ಮೆ ನೋಡಿ, ಒಳಗಿನ ಫಲಕಗಳು ಮುಳುಗುವಷ್ಟು ಭಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಿ. ಸುಣ್ಣಗಲ್ಲಿನ ನೆಲದ ನಮ್ಮ ಬೋರಿನ ನೀರು ಕೂಡದು. ಸಿಮೆಂಟು, ಗಣಿಗಳ ಊರುಗಳಲ್ಲಿ ಬ್ಯಾಟರಿಯ ತಲೆಯ ಮೇಲೆ ಕೂರುವ ಧೂಳು ಆಮ್ಲದ ತೇವ ಹೀರಿಕೊಂಡರೆ ವಿದ್ಯುತ್ತು ಮೆಲ್ಲಗೆ ಸೋರಿಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಆದರೆ ಬ್ಯಾಟರಿಯನ್ನು ಶಹಾಬಾದಿನ ಪರ್ಸಿ ಕಲ್ಲಿನ ಮೇಲಿಟ್ಟರೆ ಬರಿದಾಗುತ್ತದೆಂಬ ಮಾತನ್ನು ನಂಬಬೇಡಿ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಬ್ಯಾಟರಿಗೆ ಕಲ್ಲಿನ ಹಂಗಿಲ್ಲ.

ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಎರಡೇ ದಿನದಲ್ಲಿ ಮಲಗಿದರೆ, ಅದನ್ನು ತುಂಬುವವನು ಯಾರೆಂದು ಕೇಳಬೇಕು. ಎಂಜಿನ್ನನ್ನು ಚುರುಕಾಗಿ ಓಡಿಸಿದಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಕಾಣಬೇಕು. ಕಾಣದಿದ್ದರೆ ಮೊದಲು ಫ್ಯಾನ್ ಬೆಲ್ಟಿನ ಬಿಗಿ, ಆಮೇಲೆ ಡೈನಮೋ ಅಥವಾ ಆಲ್ಟರ್ನೇಟರ್. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಅದೇ ನೀರನ್ನು ಕುದಿಸಿ ಬ್ಯಾಟರಿಯನ್ನು ಕೊಲ್ಲುತ್ತದೆ. ತುಂಬುವುದೂ ಸರಿಯಾಗಿದ್ದರೆ, ಡಿಕ್ಕಿಯ ಸಣ್ಣ ದೀಪವೊಂದು ರಾತ್ರಿಯೆಲ್ಲ ಉರಿಯುತ್ತಿದೆಯೇ ನೋಡಿ.

ಎಂಜಿನ್ನು ತಿರುಗಿಯೂ ಹೊತ್ತಿಕೊಳ್ಳದಿದ್ದಾಗ ಕಾಲವನ್ನು ಗಮನಿಸಿ. ಚಿಂಚೋಳಿಯ ಕಡೆ ಮಳೆ ಹಿಡಿದಾಗ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತು ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಪಾಯಿಂಟ್ ಇರುವ ಗಾಡಿಯಲ್ಲಿ ಅದರ ಮುಖ ಕಪ್ಪಾಗಿದೆಯೇ, ನಡುವಿನ ಸಂದು ಸುಮಾರು 0.4 ಮಿಲಿಮೀಟರ್ ಇದೆಯೇ ನೋಡಬೇಕು. ಮೇ ತಿಂಗಳ ಮಧ್ಯಾಹ್ನ ಓಡಿ ನಿಂತ ಗಾಡಿ ಮತ್ತೆ ಹೊತ್ತಿಕೊಳ್ಳದಿದ್ದರೆ, ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿರಬಹುದು. ಬಾನೆಟ್ ತೆರೆದು ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ತಾನೇ ದಾರಿಗೆ ಬರುತ್ತದೆ.

ಕೆಲವು ಎಚ್ಚರಿಕೆಗಳನ್ನು ಮರೆಯಬೇಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಒಳಗಿರುವುದು ಗಂಧಕಾಮ್ಲ; ಮೈಗೆ, ಕಣ್ಣಿಗೆ ತಗುಲಿದರೆ ತಡಮಾಡದೆ ಧಾರಾಳವಾಗಿ ನೀರಿನಿಂದ ತೊಳೆಯುತ್ತ ಇರಿ, ಕಣ್ಣಿಗಾದರೆ ವೈದ್ಯರಲ್ಲಿಗೆ ಹೋಗಿ. ತಂತಿ ಬಿಚ್ಚುವಾಗ ಅರ್ಥಿಂಗ್ ತುದಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಬಹಳ ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಧನ ತುದಿಯೇ ಅರ್ಥಿಂಗ್ ಆಗಿರುವುದುಂಟು; ನೋಡಿಕೊಂಡೇ ಜೋಡಿಸಿ.

ಇಷ್ಟೆಲ್ಲ ಮಾಡಿಯೂ ಮಿಸ್ತ್ರಿಯನ್ನು ಕರೆಯಬೇಕಾಗಬಹುದು, ಅದರಲ್ಲಿ ಅವಮಾನವಿಲ್ಲ. ಆದರೆ ‘ಗಾಡಿ ಕೆಟ್ಟಿದೆ’ ಎನ್ನುವುದಕ್ಕೂ, ‘ದೀಪ ಕುಗ್ಗಲಿಲ್ಲ, ಟಕ್ ಎಂದಿತು, ಅರ್ಥಿಂಗ್ ತುದಿ ಬಿಸಿಯಾಗಿತ್ತು’ ಎನ್ನುವುದಕ್ಕೂ ಬಹಳ ಅಂತರವಿದೆ. ಹಾಗೆ ಹೇಳಬಲ್ಲವರ ಹಣ ವ್ಯರ್ಥವಾಗುವುದು ಕಡಿಮೆ. ಊರಿಗೆ ಹೊರಡುವ ಹಿಂದಿನ ದಿನ, ಬೆಳಕಿರುವಾಗಲೇ, ಒಮ್ಮೆ ದೀಪ ಹಚ್ಚಿ ಚಾವಿ ತಿರುಗಿಸಿ ನೋಡಿ. ವಾಡಿಯ ರೈಲು ನಿಮಗಾಗಿ ಕಾಯುವುದಿಲ್ಲ.