ಗರಗರ ಲೈನು, ಸರಿಯಾದ ಅಕ್ಷರ

ಇಂಟೆಲ್ 8080 ಚಿಪ್‌ಗೆ 11001001 ಅಂದರೆ ‘ಬಂದ ಜಾಗಕ್ಕೆ ಹಿಂತಿರುಗು’ ಎಂದು ಅರ್ಥ. 11001101 ಅಂದರೆ ‘ಇನ್ನೊಂದು ಜಾಗಕ್ಕೆ ಹೋಗಿ ಅಲ್ಲಿನ ಕೆಲಸ ಮಾಡು’. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಈ ಸೂಚನೆಯನ್ನು ಫೋನ್ ತಂತಿಯ ಮೇಲೆ ಕಳಿಸುವಾಗ ಲೈನಿನಲ್ಲಿ ಒಮ್ಮೆ ‘ಗರ್’ ಎಂದರೆ ಸಾಕು, ಸೊನ್ನೆ ಇದ್ದಲ್ಲಿ ಒಂದು ಬಂದು ಕೂರುತ್ತದೆ. ಹತ್ತು ಸಾವಿರ ಬೈಟ್‌ಗಳ ಪ್ರೋಗ್ರಾಮಿನಲ್ಲಿ ಎಲ್ಲೋ ಒಂದು ಕಡೆ ಹೀಗಾದರೂ ಹಿಂತಿರುಗಬೇಕಾದದ್ದು ಹಿಂತಿರುಗದೆ ಮತ್ತೆಲ್ಲಿಗೋ ಹೋಗಿ ಯಂತ್ರ ನಿಂತುಬಿಡುತ್ತದೆ. ಕಾಗದದಲ್ಲಿ ಒಂದಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಂಡು ಓದುತ್ತಾರೆ. ಪ್ರೋಗ್ರಾಮನ್ನು ಹಾಗೆ ತಿದ್ದಿಕೊಂಡು ಓದುವವರು ಯಾರೂ ಇಲ್ಲ.

1977ರಲ್ಲಿ ಶಿಕಾಗೊದ ವಾರ್ಡ್ ಕ್ರಿಸ್ಟೆನ್‌ಸೆನ್ ಎದುರಿಗಿದ್ದ ತೊಂದರೆ ಇದೇ. ಹಗಲು ಐಬಿಎಂನಲ್ಲಿ ಕೆಲಸ, ಉಳಿದ ಹೊತ್ತು ಮನೆಯಲ್ಲಿ ಕಂಪ್ಯೂಟರ್ ಕಟ್ಟುವ ಹವ್ಯಾಸ. ಆ ಊರಿನ ಹವ್ಯಾಸಿಗಳದೊಂದು ಸಂಘವಿತ್ತು, ಹೆಸರು ‘ಕ್ಯಾಶ್’. ಸದಸ್ಯರು ತಾವು ಬರೆದ ಪ್ರೋಗ್ರಾಮುಗಳನ್ನು ಒಬ್ಬರಿಗೊಬ್ಬರು ಕೊಡಬೇಕೆಂದರೆ ಎಂಟಿಂಚಿನ ಫ್ಲಾಪಿ ಹಿಡಿದು ಊರಿನ ಆ ತುದಿಯಿಂದ ಈ ತುದಿಗೆ ಓಡಾಡಬೇಕು. ಮೋಡೆಮ್ ಇತ್ತು. ಬೆಲ್ 103 ಪದ್ಧತಿಯ ಆ ಮೋಡೆಮ್‌ಗಳಲ್ಲಿ ಕರೆ ಮಾಡಿದವನ ಸೊನ್ನೆಗೆ 1070 ಹರ್ಟ್ಸ್ ಶಿಳ್ಳೆ, ಒಂದಕ್ಕೆ 1270. ಉತ್ತರಿಸುವವನ ಸೊನ್ನೆಗೆ 2025, ಒಂದಕ್ಕೆ 2225. ಒಂದೇ ತಂತಿಯಲ್ಲಿ ಇಬ್ಬರೂ ಏಕಕಾಲಕ್ಕೆ ಮಾತಾಡಬಹುದು. ವೇಗ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ. ಎದುರಿನವನು ಬರೆದದ್ದನ್ನು ಕಣ್ಣಲ್ಲಿ ಓದಲು ಇಷ್ಟು ಸಾಕು; ನಡುವೆ ನಾಲ್ಕು ಕಸದ ಅಕ್ಷರ ತೂರಿದರೂ ಅರ್ಥ ಕೆಡುವುದಿಲ್ಲ. ಪ್ರೋಗ್ರಾಮು ಕಳಿಸಲು ಮಾತ್ರ ಈ ಲೈನು ನಂಬಿಕೆಗೆ ಯೋಗ್ಯವಾಗಿರಲಿಲ್ಲ.

ಟೆಲಿಫೋನ್ ಕಂಪನಿಯ ತಂತಿಯನ್ನು ಹವ್ಯಾಸಿಯೊಬ್ಬ ರಿಪೇರಿ ಮಾಡಲಾರ. ಆದ್ದರಿಂದ ಲೈನು ಕೆಡುತ್ತದೆ ಎಂದು ಒಪ್ಪಿಕೊಂಡೇ ಕ್ರಿಸ್ಟೆನ್‌ಸೆನ್ ಲೆಕ್ಕ ಶುರುಮಾಡಿದರು. ಹಳೆಯ ಟ್ರಂಕ್ ಕಾಲ್‌ನಲ್ಲಿ ಮಾತಾಡಿದವರಿಗೆ ಆ ಲೆಕ್ಕ ಕೂಡಲೇ ಹೊಳೆಯುತ್ತದೆ. ಒಂದು ವಾಕ್ಯ ಹೇಳಿ ‘ಕೇಳಿಸ್ತಾ?’ ಎಂದು ನಿಲ್ಲುವುದು, ಆ ಕಡೆಯಿಂದ ‘ಹ್ಞಾಂ’ ಬಂದರೆ ಮುಂದಿನ ವಾಕ್ಯ, ‘ಏನಂದ್ರಿ?’ ಬಂದರೆ ಅದನ್ನೇ ಮತ್ತೊಮ್ಮೆ. ಯಂತ್ರಗಳಿಗೂ ಇದನ್ನೇ ಕಲಿಸಬೇಕಿತ್ತು. ಆದರೆ ಕೇಳಿಸಿದ್ದು ಸರಿಯೋ ತಪ್ಪೋ ಎಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ಅವರು ಫೈಲನ್ನು 128 ಬೈಟ್‌ಗಳ ತುಂಡುಗಳಾಗಿ ಕತ್ತರಿಸಿದರು. ಅವರು ಬಳಸುತ್ತಿದ್ದ ಸಿಪಿ/ಎಂ ವ್ಯವಸ್ಥೆ ಫ್ಲಾಪಿಯ ಮೇಲೆ ಒಂದು ಸೆಕ್ಟರಿನಲ್ಲಿ ಬರೆಯುತ್ತಿದ್ದುದು ಅಷ್ಟನ್ನೇ. ಪ್ರತಿ ತುಂಡಿನ ಮುಂದೆ ಮೂರು ಬೈಟ್, ಹಿಂದೆ ಒಂದು. ಮೊದಲನೆಯದು ‘ತುಂಡು ಶುರು’ ಎಂಬ ಗುರುತು. ಎರಡನೆಯದು ತುಂಡಿನ ಸಂಖ್ಯೆ. ಮೂರನೆಯದು 255ರಿಂದ ಆ ಸಂಖ್ಯೆಯನ್ನು ಕಳೆದು ಉಳಿದದ್ದು. ಕೊನೆಯದು, 128 ಬೈಟ್‌ಗಳನ್ನೂ ಕೂಡಿ ಬಂದ ಮೊತ್ತದ ಕಡೆಯ ಎಂಟು ಬಿಟ್. ಪಡೆಯುವವನು ತಾನೂ ಕೂಡಿ ನೋಡುತ್ತಾನೆ. ಲೆಕ್ಕ ಸರಿಬಂದರೆ 6ನೆಯ ಸಂಕೇತ ‘ಆಕ್’, ಬರದಿದ್ದರೆ 21ನೆಯ ಸಂಕೇತ ‘ನ್ಯಾಕ್’. ಹತ್ತು ಸೆಕೆಂಡ್ ಏನೂ ಬರದಿದ್ದರೂ ನ್ಯಾಕ್. ಮೊದಲ ನ್ಯಾಕ್ ಪಡೆಯುವವನ ಕಡೆಯಿಂದಲೇ ಹೊರಡುತ್ತದೆ: ನಾನು ಸಿದ್ಧ, ಕಳಿಸು ಎಂದು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ತುಂಡಿನ ಸಂಖ್ಯೆ. ಮೊದಲ ನೋಟಕ್ಕೆ ಅದು ಅನಗತ್ಯ ಅನ್ನಿಸುತ್ತದೆ. ಒಂದಾದ ಮೇಲೆ ಒಂದು ಬರುವಾಗ ಎಣಿಕೆ ಯಾಕೆ? ಆದರೆ ಗರಗರಕ್ಕೆ ಆ ಕಡೆ ಈ ಕಡೆ ಎಂಬ ಭೇದವಿಲ್ಲ, ‘ಆಕ್’ ಕೂಡ ದಾರಿಯಲ್ಲಿ ಕಳೆದುಹೋಗಬಹುದು. ಆಗ ಕಳಿಸುವವನು ತುಂಡು ತಲುಪಲಿಲ್ಲವೆಂದುಕೊಂಡು ಅದನ್ನೇ ಮತ್ತೆ ಕಳಿಸುತ್ತಾನೆ. ಸಂಖ್ಯೆ ಇರದಿದ್ದರೆ ಆ 128 ಬೈಟ್ ಫೈಲಿನಲ್ಲಿ ಎರಡು ಸಲ ಕೂತುಬಿಡುತ್ತಿತ್ತು. ಇರುವುದರಿಂದ, ಇದು ಆಗಲೇ ಬಂದದ್ದು ಎಂದು ಪಡೆಯುವವನು ಗುರುತಿಸಿ ಅದನ್ನು ಬಿಸಾಡಿ ‘ಆಕ್’ ಮಾತ್ರ ಇನ್ನೊಮ್ಮೆ ಹೇಳುತ್ತಾನೆ. ಆ ಸಂಖ್ಯೆಯೇ ಕೆಟ್ಟರೆ? ಅದಕ್ಕೇ ಪಕ್ಕದಲ್ಲಿ 255ರಿಂದ ಕಳೆದ ಜೊತೆ. ಎರಡನ್ನೂ ಕೂಡಿದರೆ 255 ಬರಬೇಕು.

ಸುರಕ್ಷತೆಗೆಂದು ತೆತ್ತದ್ದು ತುಂಡಿಗೆ ನಾಲ್ಕೇ ಬೈಟ್. ಒಟ್ಟು 132 ಬೈಟ್ ಹೋಗಲು 4.4 ಸೆಕೆಂಡ್. ಆಗಿನ ಎಂಟಿಂಚಿನ ಫ್ಲಾಪಿಯಲ್ಲಿ 77 ಸುತ್ತು, ಸುತ್ತಿಗೆ 26 ಸೆಕ್ಟರ್, ಅಂದರೆ 2002 ತುಂಡು. ಪೂರ್ತಿ ಕಳಿಸಲು ಹತ್ತಿರ ಹತ್ತಿರ ಎರಡೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ಲೈನು ಎಷ್ಟು ಸಲ ಕೆಮ್ಮಿದರೂ ಕೆಟ್ಟ ತುಂಡು ಮಾತ್ರ ಮರಳಿ ಬರುತ್ತದೆ, ಉಳಿದದ್ದು ಹಾಗೇ ಇರುತ್ತದೆ.

ತನ್ನ ಅಗತ್ಯಕ್ಕೆಂದು ಅವಸರದಲ್ಲಿ ಬರೆದದ್ದು ಎಂದು ಕ್ರಿಸ್ಟೆನ್‌ಸೆನ್ ಆಮೇಲೆ ಹೇಳುತ್ತಿದ್ದರು. ‘ಮೋಡೆಮ್’ ಎಂಬ ಆ ಪ್ರೋಗ್ರಾಮನ್ನು ಮೂಲಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. ಕೀತ್ ಪೀಟರ್ಸನ್ ಅದನ್ನು ದೂರದಿಂದ ಕರೆಮಾಡುವವರಿಗೆ ಒಗ್ಗುವಂತೆ ಮಾರ್ಪಡಿಸಿದರು; ‘ಎಕ್ಸ್‌ಮೋಡೆಮ್’ ಎಂಬ ಹೆಸರು ಆ ರೂಪದಿಂದ ನಿಂತಿತು.

ಮರುವರ್ಷ, 1978ರ ಜನವರಿಯಲ್ಲಿ, ಶಿಕಾಗೊದಲ್ಲಿ ಹಿಮ ಸುರಿದು ರಸ್ತೆಗಳು ಮುಚ್ಚಿಹೋದವು. ಆಫೀಸಿಗೆ ಹೋಗಲಾಗದೆ ಮನೆಯಲ್ಲೇ ಉಳಿದ ಕ್ರಿಸ್ಟೆನ್‌ಸೆನ್ ಸಂಘದ ಗೆಳೆಯ ರ‍್ಯಾಂಡಿ ಸೂಸ್‌ಗೆ ಫೋನ್ ಮಾಡಿದರು. ಸಂಘದ ಪತ್ರಿಕೆಗೆ ಸದಸ್ಯರು ಫೋನಿನಲ್ಲೇ ಬರಹ ಕಳಿಸುವಂತಾದರೆ ಹೇಗೆ ಎಂಬಲ್ಲಿ ಮಾತು ಶುರುವಾಯಿತು. ಬೆಳೆಯುತ್ತ ಅದು ಸಂಘದ ಬಿರಡೆಹಲಗೆಗೆ ಬಂತು. ‘ಮುಂದಿನ ಸಭೆಗೆ ಕಾರಿನಲ್ಲಿ ಜಾಗ ಬೇಕು’, ‘ಮೆಮೊರಿ ಚಿಪ್ ಒಟ್ಟಿಗೆ ಕೊಳ್ಳೋಣ’ ಎಂಬಂಥ ಚೀಟಿಗಳನ್ನು ಸದಸ್ಯರು ಪಿನ್ನು ಚುಚ್ಚಿ ಹಚ್ಚುತ್ತಿದ್ದ ಹಲಗೆ ಅದು. ಅದನ್ನೇ ಕಂಪ್ಯೂಟರಿನೊಳಗೆ ಇಟ್ಟರೆ? ಸಮಿತಿ ಮಾಡುವುದು ಬೇಡ, ಇಬ್ಬರೇ ಮಾಡೋಣ ಎಂದಾಯಿತು. ಸೂಸ್ ಯಂತ್ರ ಜೋಡಿಸಿದರು, ಕ್ರಿಸ್ಟೆನ್‌ಸೆನ್ ಪ್ರೋಗ್ರಾಮು ಬರೆದರು. ಯಾರಾದರೂ ಕರೆ ಮಾಡಿದೊಡನೆ ಪ್ರೋಗ್ರಾಮು ತಾನಾಗಿ ಲೋಡ್ ಆಗುವಂತೆ ಕಟ್ಟಿದರು. ಕೆಲಸ ಎರಡು ವಾರದಲ್ಲೇ ಮುಗಿದಿತ್ತು. ಯಾರೂ ನಂಬಲಿಕ್ಕಿಲ್ಲವೆಂದು ಒಂದು ತಿಂಗಳು ಎಂದು ಹೇಳಿದರಂತೆ. ಫೆಬ್ರುವರಿ 16ಕ್ಕೆ ‘ಸಿಬಿಬಿಎಸ್’ ಎಂಬ ಹೆಸರಿನ ಆ ಹಲಗೆ ಸಾರ್ವಜನಿಕರಿಗೆ ತೆರೆಯಿತು. ಅದೇ ವರ್ಷದ ನವೆಂಬರಿನ ‘ಬೈಟ್’ ಪತ್ರಿಕೆಯಲ್ಲಿ ಇಬ್ಬರೂ ಸೇರಿ ಅದರ ಬಗ್ಗೆ ಬರೆದರು.

ಒಂದು ಫೋನ್ ಲೈನು, ಒಂದು ಮೋಡೆಮ್. ಒಬ್ಬರು ಇಟ್ಟ ಮೇಲೆ ಇನ್ನೊಬ್ಬರು. ಈಗ ಎದುರಾದದ್ದು ಹಿಂದಿನ ವರ್ಷದ್ದಕ್ಕಿಂತ ಬೇರೆ ಬಗೆಯ ತೊಡಕು. ಫೈಲು ಕಳಿಸುವಾಗ ಎರಡು ಕಡೆಯೂ ಒಂದೇ ಪ್ರೋಗ್ರಾಮು ಇರುತ್ತದೆ, ಒಪ್ಪಂದ ಸುಲಭ. ಹಲಗೆಗೆ ಕರೆ ಮಾಡುವವರ ಕೈಯಲ್ಲಿ ಏನಿದೆಯೋ ಬಲ್ಲವರಿಲ್ಲ. ಒಬ್ಬರ ಬಳಿ ಗಾಜಿನ ಪರದೆಯ ಟರ್ಮಿನಲ್, ಇನ್ನೊಬ್ಬರ ಬಳಿ ಎಲ್ಲೋ ಹಳೆಯ ಸಾಮಾನಿನಲ್ಲಿ ಸಿಕ್ಕ ಟೆಲಿಟೈಪ್ 33. ಸೆಕೆಂಡಿಗೆ ಹತ್ತೇ ಅಕ್ಷರ ಕಾಗದದ ಮೇಲೆ ಕುಟ್ಟುವ ಯಂತ್ರ ಅದು. ಇಂಗ್ಲಿಷಿನ ಸಣ್ಣ ಅಕ್ಷರಗಳೇ ಅದರಲ್ಲಿಲ್ಲ.

ಕಾಗದದ ಟರ್ಮಿನಲ್‌ನಲ್ಲಿ ಸಾಲು ಮುಗಿದಾಗ ಏನಾಗುತ್ತದೆ ನೋಡಿ. ಅಚ್ಚಿನ ತಲೆ ಬಲತುದಿಯಿಂದ ಎಡತುದಿಗೆ ಓಡಿ ಬರಬೇಕು. ಅದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲು ಬೇಕು ಎಂದಿಟ್ಟುಕೊಂಡರೂ, ಸೆಕೆಂಡಿಗೆ 30 ಅಕ್ಷರದ ವೇಗದಲ್ಲಿ ಅಷ್ಟರೊಳಗೆ ಆರು ಅಕ್ಷರ ಬಂದುಬಿಡುತ್ತವೆ. ತಲೆ ದಾರಿಯಲ್ಲಿರುವಾಗಲೇ ಅವು ಸಾಲಿನ ನಡುವೆ ಎಲ್ಲೆಲ್ಲೋ ಅಚ್ಚಾಗುತ್ತವೆ, ಸಾಲಿನ ಆರಂಭ ಖಾಲಿ ಕಾಣುತ್ತದೆ. ಇದಕ್ಕೆ ಮದ್ದು ‘ನಲ್’: ಏನೂ ಅಚ್ಚಾಗದ, ಬರೀ ಹೊತ್ತು ಕಳೆಯುವ ಸೊನ್ನೆಯ ಸಂಕೇತ. ಸಾಲು ಮುಗಿದೊಡನೆ ಆರು ನಲ್ ಕಳಿಸಿದರೆ ತಲೆ ಊರು ಸೇರುವಷ್ಟು ಸಮಯ ಸಿಗುತ್ತದೆ. ಯಾವ ಟರ್ಮಿನಲ್‌ಗೆ ಎಷ್ಟು ನಲ್ ಬೇಕೆಂದು ಆ ಕಡೆಯ ಕಂಪ್ಯೂಟರ್ ಊಹಿಸುವಂತಿಲ್ಲ. ಆದ್ದರಿಂದ ಸಿಬಿಬಿಎಸ್‌ನ ಆಜ್ಞೆಗಳ ಪಟ್ಟಿಯಲ್ಲಿ ಸಂದೇಶ ಬರೆಯುವ, ಓದುವ, ಅಳಿಸುವ ಅಕ್ಷರಗಳ ಸಾಲಿನಲ್ಲೇ ‘ಎನ್’ ಇತ್ತು, ನಲ್ ಎಷ್ಟೆಂದು ಹೇಳಲು. ‘ಸಿ’ ಒತ್ತಿದರೆ ದೊಡ್ಡಕ್ಷರ ಸಣ್ಣಕ್ಷರದ ಆಯ್ಕೆ. ಒತ್ತಿದ್ದೆಲ್ಲ ಜೋಡಿಜೋಡಿಯಾಗಿ ಕಂಡರೆ ಟರ್ಮಿನಲ್ಲೂ ಹಲಗೆಯೂ ಎರಡೂ ಅದನ್ನು ತೋರಿಸುತ್ತಿವೆ ಎಂದರ್ಥ. ಏನೂ ಕಾಣದಿದ್ದರೆ ಎರಡೂ ತೋರಿಸುತ್ತಿಲ್ಲ. ಅದಕ್ಕೆ ‘ಡಿ’.

ಹೀಗೆ ತೊಂದರೆಯ ಪರಿಹಾರವನ್ನು ಕರೆ ಮಾಡಿದವರ ಬೆರಳ ತುದಿಗೇ ತಂದಿಟ್ಟದ್ದು ಈ ಇಬ್ಬರ ನಿಜವಾದ ಹೆಚ್ಚುಗಾರಿಕೆ ಎಂದು ನಾನು ತಿಳಿಯುತ್ತೇನೆ. ತಂತಿಯನ್ನು ಅವರು ಎಳ್ಳಷ್ಟೂ ನಂಬಲಿಲ್ಲ, ಪ್ರತಿ ಬೈಟನ್ನೂ ಕೂಡಿ ನೋಡಿದರು. ಜನರನ್ನು ಮಾತ್ರ ಪೂರ್ತಿ ನಂಬಿದರು: ನಿಮ್ಮ ಪರದೆಯಲ್ಲಿ ಏನು ಕಾಣುತ್ತಿದೆ ಎಂದು ನಿಮಗೇ ಗೊತ್ತು, ನೀವೇ ಹೇಳಿ ಎಂದು. ಆ ಕಾಲದ ದೊಡ್ಡ ಕಂಪ್ಯೂಟರುಗಳು ತಮಗೆ ಬೇಕಾದ ಟರ್ಮಿನಲ್ಲನ್ನೇ ತಂದುಕೊಳ್ಳಿ ಎನ್ನುತ್ತಿದ್ದವು.

ಎಷ್ಟು ಕೇಳಿದರೂ ಬಗೆಹರಿಯದ ತೊಡಕೊಂದಿತ್ತು, ಎಂಟನೆಯ ಬಿಟ್. ಇಂಗ್ಲಿಷ್ ಅಕ್ಷರಗಳಿಗೆ ಏಳು ಬಿಟ್ ಸಾಕು. ಎಂಟನೆಯದನ್ನು ಕೆಲವು ವ್ಯವಸ್ಥೆಗಳು ‘ಪ್ಯಾರಿಟಿ’ಗೆಂದು, ಅಂದರೆ ಒಂದುಗಳ ಸಂಖ್ಯೆ ಸಮವಾಗುವಂತೆ ತುಂಬಲು ಬಳಸುತ್ತಿದ್ದವು. ಎಂಟೂ ಬಿಟ್ ಓದುವ ಟರ್ಮಿನಲ್ ಅಂಥ ಕಡೆಗೆ ಕರೆ ಮಾಡಿದರೆ ಸರಿಸುಮಾರು ಅರ್ಧ ಅಕ್ಷರಗಳು ಚೆನ್ನಾಗಿ ಬಂದು ಉಳಿದರ್ಧ ಕಸವಾಗುತ್ತವೆ. ಸಣ್ಣ ‘ಸಿ’ಯಲ್ಲಿ ನಾಲ್ಕು ಒಂದುಗಳು, ಹಾಗಾಗಿ ಸರಿ, ಸಣ್ಣ ‘ಎ’ಯಲ್ಲಿ ಮೂರು, ಹಾಗಾಗಿ ಹಾಳು. ಎಲ್ಲವೂ ಕಸವಾಗಿದ್ದರೆ ವೇಗ ತಪ್ಪಿದೆ, ಒಂದು ಬಿಟ್ಟು ಒಂದು ಕೆಟ್ಟಿದ್ದರೆ ಪ್ಯಾರಿಟಿ ತಪ್ಪಿದೆ ಎಂದು ಅನುಭವಸ್ಥರು ಪರದೆ ನೋಡಿಯೇ ಹೇಳುತ್ತಿದ್ದರು. ಇನ್ನೂ ಸೋಜಿಗದ ಲಕ್ಷಣವೊಂದಿತ್ತು. ಏಳು ಬಿಟ್‌ನ ಹೊಂದಾಣಿಕೆಯಲ್ಲಿ ಸಂದೇಶ ಓದುವುದು ಬರೆಯುವುದು ಎಲ್ಲ ಸರಾಗ, ಎಕ್ಸ್‌ಮೋಡೆಮ್ ಮಾತ್ರ ಮೊದಲ ತುಂಡಿನಲ್ಲೇ ಮುಗ್ಗರಿಸುತ್ತದೆ. ಕಾರಣ ಆ ಜೊತೆ ಸಂಖ್ಯೆ. ಮೊದಲ ತುಂಡಿನ ಸಂಖ್ಯೆ 1, ಜೊತೆ 254. ಎಂಟನೆಯ ಬಿಟ್ ಉದುರಿದರೆ 254 ಹೋಗಿ 126 ಆಗುತ್ತದೆ, ಕೂಡಿದರೆ 255 ಬರುವುದಿಲ್ಲ.

ಕನ್ನಡಿಗರಿಗೆ ಈ ಎಂಟನೆಯ ಬಿಟ್ ಹತ್ತಿರದ ವಿಷಯ. ಈಗ ನಾವು ಬಳಸುವ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್: 224, 178, 149. ಮೂರರಲ್ಲೂ ಎಂಟನೆಯ ಬಿಟ್ ಒಂದೇ. ಅದನ್ನು ಕಿತ್ತರೆ ಉಳಿಯುವುದು 96, 50, 21. ಕೊನೆಯ 21 ಬೇರೇನೂ ಅಲ್ಲ, ‘ನ್ಯಾಕ್’. ಏಳು ಬಿಟ್‌ನ ತಂತಿಯ ಮೇಲೆ ನಮ್ಮ ಒಂದು ಅಕ್ಷರವೂ ಉಳಿಯುತ್ತಿರಲಿಲ್ಲ.

ಮೊತ್ತದ ಲೆಕ್ಕದಲ್ಲೂ ಒಂದು ಬಿರುಕಿತ್ತು. ಒಂದು ಬೈಟ್ ಕೆಟ್ಟು ಒಂದು ಹೆಚ್ಚಾಗಿ, ಇನ್ನೊಂದು ಕೆಟ್ಟು ಒಂದು ಕಡಿಮೆಯಾದರೆ ಮೊತ್ತ ಹಾಗೇ ಇರುತ್ತದೆ, ಕೆಟ್ಟ ತುಂಡು ಒಳಗೆ ನುಸುಳುತ್ತದೆ. ಜಾನ್ ಬರ್ನ್ಸ್ ಮೊತ್ತದ ಜಾಗದಲ್ಲಿ ಎರಡು ಬೈಟ್‌ನ ‘ಸಿಆರ್‌ಸಿ’ ಲೆಕ್ಕ ಇಟ್ಟರು. ಹಳೆಯ ಪ್ರೋಗ್ರಾಮುಗಳಿಗೆ ಇದು ತಿಳಿಯದಲ್ಲ? ಪಡೆಯುವವನು ಆರಂಭದಲ್ಲಿ ನ್ಯಾಕ್ ಬದಲು ‘ಸಿ’ ಅಕ್ಷರ ಕಳಿಸಬೇಕು ಎಂದು ಗೊತ್ತುಮಾಡಿದರು. ಹೊಸಬನಾದರೆ ಅರ್ಥ ಮಾಡಿಕೊಂಡು ಹೊಸ ಲೆಕ್ಕದಲ್ಲಿ ಶುರುಮಾಡುತ್ತಾನೆ. ಹಳಬನಾದರೆ ಸುಮ್ಮನಿರುತ್ತಾನೆ, ಕೆಲವು ಸಲ ನೋಡಿ ಪಡೆಯುವವನು ಮಾಮೂಲಿ ನ್ಯಾಕ್‌ಗೆ ಇಳಿಯುತ್ತಾನೆ. ಯಾರ ಯಂತ್ರವೂ ಮೂಲೆಗೆ ಬೀಳಲಿಲ್ಲ.

1986ರಲ್ಲಿ ಚಕ್ ಫೋರ್ಸ್‌ಬರ್ಗ್ ಟೆಲಿನೆಟ್ ಜಾಲಕ್ಕಾಗಿ ‘ಝಡ್‌ಮೋಡೆಮ್’ ಬರೆದರು. ದೂರದ ಜಾಲದಲ್ಲಿ ಪ್ರತಿ ತುಂಡಿಗೂ ‘ಆಕ್’ ಕಾಯುತ್ತ ಕೂತರೆ ಹೊತ್ತೆಲ್ಲ ಕಾಯುವುದರಲ್ಲೇ ಹೋಗುತ್ತದೆ. ಝಡ್‌ಮೋಡೆಮ್ ನಿಲ್ಲದೆ ಕಳಿಸುತ್ತ ಹೋಗಿ ತಪ್ಪಿದಲ್ಲಿಗೆ ಮಾತ್ರ ಹಿಂತಿರುಗುತ್ತದೆ. ಕರೆ ಕಡಿದುಹೋದರೆ ಮುಂದಿನ ಕರೆಯಲ್ಲಿ ನಿಂತಲ್ಲಿಂದ ಮುಂದುವರಿಯಲೂಬಲ್ಲದು.

ನಮ್ಮಲ್ಲಿ ಅದನ್ನು ಬಹಳ ಮಂದಿ ಕಂಡದ್ದು 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಮೇಲೆ. ಅಗ್ಗದ ಶೆಲ್ ಖಾತೆಯಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಇಳಿಸಿದ ಫೈಲು ವಿಎಸ್‌ಎನ್‌ಎಲ್ ಕಂಪ್ಯೂಟರಿನಲ್ಲಿ ಕೂರುತ್ತಿತ್ತು, ಅಲ್ಲಿಂದ ಮನೆಗೆ ತರಲು ಝಡ್‌ಮೋಡೆಮ್ ಬೇಕು. ‘ಎಸ್‌ಝಡ್’ ಎಂದು ಆಜ್ಞೆ ಕೊಟ್ಟಾಗ ಕೆಲವೊಮ್ಮೆ ಪರದೆಯ ಮೇಲೆ ಎರಡು ನಕ್ಷತ್ರ, ಒಂದು ‘ಬಿ’, ಅದರ ಹಿಂದೆ ಸೊನ್ನೆಗಳ ಸಾಲು ಮೂಡಿ ಎಲ್ಲ ನಿಂತುಬಿಡುತ್ತಿತ್ತು. ಲೈನು ಕೆಟ್ಟಿತೆಂದು ಕಟ್ ಮಾಡಿದವರಿಗೆ ಇನ್ನೊಂದು ಕರೆಯ ದುಡ್ಡು ದಂಡ. ನಿಜಕ್ಕೂ ಅದು ಆ ಕಡೆಯ ಯಂತ್ರದ ‘ನಾನು ಸಿದ್ಧ’ ಎಂಬ ಕರೆ, ಮನೆಯ ಟರ್ಮಿನಲ್ ಪ್ರೋಗ್ರಾಮು ಅದನ್ನು ಗುರುತಿಸದೆ ಹಾಗೇ ಬರೆದು ತೋರಿಸಿತ್ತು, ಅಷ್ಟೆ. ಮೆನುವಿಗೆ ಹೋಗಿ ಝಡ್‌ಮೋಡೆಮ್‌ನಲ್ಲಿ ಪಡೆಯುವ ಆಯ್ಕೆ ಒತ್ತಿದರೆ ಫೈಲು ಇಳಿಯತೊಡಗುತ್ತಿತ್ತು. ಬೇಡವೆನಿಸಿದರೆ ಕಂಟ್ರೋಲ್ ಕೀಲಿ ಹಿಡಿದು ಐದು ಸಲ ಎಕ್ಸ್ ಒತ್ತಿದರೆ ಆಜ್ಞೆ ಬರೆಯುವ ಜಾಗ ಮರಳಿ ಬರುತ್ತಿತ್ತು.